ಎಲ್ಲಕ್ಕೂ ಹೌದು ಎಂದ ಶಿಷ್ಯ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಪೂಜೆ ಕಡಿಮೆ, ಓದು ಜಾಸ್ತಿ. ಓದುವವರೆಲ್ಲ ಕಣ್ಣು ಕಾಣದವರು.

ಅವರಿಗಾಗಿ ಒಂದು ಉದ್ದನೆಯ ಪಡಸಾಲೆ, ಅದರ ತುಂಬ ಕಂಪ್ಯೂಟರುಗಳು. ಕಂಪ್ಯೂಟರು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಇವರು ಕಿವಿಗೊಟ್ಟು ಕೇಳುತ್ತಾರೆ.

ಆ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ನಿಂಬೆಕ್ಕ. ದೊಡ್ಡ ಊರುಗಳಲ್ಲಿ ದೊಡ್ಡ ಯಂತ್ರಗಳನ್ನು ಆಳಿ, ಸಾಕಾಗಿ, ಹೊಳೆಯ ಬಳಿ ಬಂದು ಕೂತವರು. ಅವರು ಮೌಸ್ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆಯುವರು, ಯಂತ್ರ ಮರುಮಾತಿಲ್ಲದೆ ಪಾಲಿಸುವುದು. ಪಕ್ಕದಲ್ಲಿ ನಿಂತು ನೋಡುವುದೇ ಒಂದು ಸುಖ.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೂ ವಯಸ್ಸಾಗುತ್ತದೆ. ಹಳೆಯದಾದ ಮೇಲೆ ಅದನ್ನು ರಿಪೇರಿ ಮಾಡುವವರು ಕೈಬಿಡುತ್ತಾರೆ. ಅಷ್ಟರೊಳಗೆ ಹೊಸದಕ್ಕೆ ಏರಿಸಬೇಕು.

ಏರಿಸುವಾಗ ಯಂತ್ರ ಸುಮ್ಮನಿರುವುದಿಲ್ಲ, ನಡುನಡುವೆ ಪ್ರಶ್ನೆ ಕೇಳುತ್ತದೆ. ಮುಂದುವರಿಯಲೇ? ಇದನ್ನು ಇಳಿಸಿಕೊಳ್ಳಲೇ? ಅದನ್ನು ತೆಗೆದುಹಾಕಲೇ? ಹೌದೋ, ಅಲ್ಲವೋ?

ನಿಂಬೆಕ್ಕ ಒಂದೊಂದು ಯಂತ್ರದ ಮುಂದೂ ಕೂತು ಉತ್ತರ ಕೊಡುತ್ತಿದ್ದರು. ಒಂದು ಮುಗಿದರೆ ಪಕ್ಕದ್ದು. ಸೊಂಟ ಹಿಡಿಯುತ್ತಿತ್ತು. ಪರದೆ ನೋಡಿ ನೋಡಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಇದನ್ನು ನೋಡಲಾಗದೆ ಹೋದವನು ಅವರ ಶಿಷ್ಯ ಸಂಗನಬಸು. ಚುರುಕು ಹುಡುಗ. ಈ ಸಲ ಅಕ್ಕ ಕೂರಬಾರದು ಎಂದು ಮನಸ್ಸಿನಲ್ಲೇ ಹಟ ತೊಟ್ಟ.

ಒಂದು ಬೆಳಿಗ್ಗೆ ಅವರನ್ನು ಕರೆದ.

"ಅಕ್ಕಾರ, ಒಂದ ಸಲ ಬಂದ ನೋಡ್ರಿ."

"ಏನೋ ಅದು? ಅಷ್ಟ ಖುಷ್ಯಾಗದಿ?"

"ಇನ್ನ ನೀವು ಒಂದೊಂದರ ಮುಂದ ಕೂತ ಸೊಂಟ ಮುರಕೋಳೋದ ಬ್ಯಾಡ್ರಿ. ಇಲ್ಲಿ ಒಂದ ಆಜ್ಞೆ ಕೊಟ್ರ ಎಲ್ಲಾ ಯಂತ್ರ ತಾವ ಏರತಾವ."

ಮೂಲೆಯಲ್ಲಿದ್ದ ಒಂದು ಹಳೆಯ, ಖಾಲಿ ಯಂತ್ರದ ಮೇಲೆ ಮಾಡಿ ತೋರಿಸಿದ. ಅವನು ಬರೆದ ಆಜ್ಞೆಗಳ ಸರಣಿ ತಂತಿಯ ಮೂಲಕ ಆ ಯಂತ್ರದೊಳಗೆ ಹೋಯಿತು. ಬೇಕಾದ್ದನ್ನೆಲ್ಲ ಇಳಿಸಿಕೊಂಡಿತು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿತು, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿತು, ಎಲ್ಲ ಸರಿಯಿದೆಯೇ ಎಂದು ತಾನೇ ಪರೀಕ್ಷೆ ಮಾಡಿತು. ಅಷ್ಟು ಹೊತ್ತೂ ಸಂಗನಬಸು ಕೈಕಟ್ಟಿ ನಿಂತಿದ್ದ.

ನಿಂಬೆಕ್ಕ ಅವನು ಬರೆದ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಒಂದು ಕಡೆ ಓದು ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಓದಿದರು.

"ಭೇಷ್! ನಾನೂ ಇಷ್ಟ ಚೆಂದ ಬರೀತಿದ್ದಿಲ್ಲ."

ಅವರು ಹೊಗಳುವುದು ಅಪರೂಪ. ಸಂಗನಬಸುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಡುವ ಪ್ರಶ್ನೆ ಕೇಳ್ತಾವಲ್ಲ, ಅದಕ್ಕ ಯಾರ ಉತ್ತರ ಕೊಡ್ತಾರ?" ಎಂದು ಕೇಳಿದರು.

"ಎಲ್ಲಾದಕ್ಕೂ ಹೌದು ಅನ್ನು ಅಂತ ಮೊದಲ ಹೇಳಿಬಿಟ್ಟೀನ್ರಿ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ. ಇಲ್ಲಾಂದ್ರ ಅದು ನಿಂತ ಬಿಡತೈತ್ರಿ."

ನಿಂಬೆಕ್ಕ ಪಡಸಾಲೆಯ ಕಿಟಕಿಯ ಕಡೆ ನೋಡಿದರು. ಅಲ್ಲಿ ನೀಲವ್ವ ಕೂತಿದ್ದಳು.

ನೀಲವ್ವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಆಶ್ರಮದ ಮಕ್ಕಳಿಗೆ ಓದು ಕಲಿಸುವವಳು ಅವಳೇ. ಅವಳ ಯಂತ್ರ ಮೊದಮೊದಲು ಕನ್ನಡವನ್ನು ಕಲ್ಲು ಅಗಿದ ಹಾಗೆ ಓದುತ್ತಿತ್ತು. ನೀಲವ್ವ ಬಿಡಲಿಲ್ಲ. ಈ ಮಾತನ್ನು ಹೀಗೆ ಹೇಳು, ಆ ಮಾತನ್ನು ಇಲ್ಲಿ ಎಳೆ ಎಂದು ಒಂದೊಂದೇ ಶಬ್ದವನ್ನು ತಿದ್ದಿದಳು. ವರ್ಷಗಟ್ಟಲೆ ತಿದ್ದಿದಳು. ಈಗ ಅದು ಓದಿದರೆ ಯಾರೋ ನಮ್ಮವರೇ ಎದುರಿಗೆ ಕೂತು ಓದಿದ ಹಾಗಿರುತ್ತದೆ. ಮಕ್ಕಳೆಲ್ಲ ಓದು ಕಲಿತದ್ದು ಆ ದನಿಯಿಂದ.

ಆ ತಿದ್ದುಪಡಿಯೆಲ್ಲ ಇದ್ದದ್ದು ಒಂದೇ ಕಡತದಲ್ಲಿ. ಅದು ನೀಲವ್ವನ ಸ್ವಂತ ಫೋಲ್ಡರಿನಲ್ಲಿ ಇರಲಿಲ್ಲ, ಸಿಸ್ಟಮ್ಮಿನ ಒಳಮನೆಯಲ್ಲಿತ್ತು. ಅಲ್ಲಿದ್ದರೆ ಮಾತ್ರ ಯಂತ್ರ ಅದನ್ನು ಓದುತ್ತಿತ್ತು. ಹೊಸ ಸಿಸ್ಟಮ್ ಬರುವಾಗ ತನ್ನದೇ ಹೊಸ ಕಡತ ತರುತ್ತದೆ. ತಂದು ಕೇಳುತ್ತದೆ: ಹಳೆಯದನ್ನು ಯಾರೋ ಕೈಯಾರೆ ತಿದ್ದಿದ್ದಾರೆ, ಅಳಿಸಿ ಹೊಸದನ್ನು ಹಾಕಲೇ?

ಹೌದು ಎಂದರೆ ನೀಲವ್ವನ ಅಷ್ಟೂ ವರ್ಷ ನೀರಿಗೆ ಹೋದಂತೆ. ಇದು ನಿಂಬೆಕ್ಕನಿಗೆ ಗೊತ್ತಿತ್ತು. ಸಂಗನಬಸುವಿಗೆ ಗೊತ್ತಿರಲಿಲ್ಲ. ಅವನು ಎಲ್ಲರ ಫೋಲ್ಡರುಗಳನ್ನೂ ನಕಲು ಮಾಡಿಟ್ಟಿದ್ದ, ಒಳಮನೆಯನ್ನು ಮಾಡಿರಲಿಲ್ಲ.

ಅಲ್ಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತಲ್ಲ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಹೇಳಿದ್ದರೆ ಹುಡುಗ ಆ ಒಂದು ಕಡತವನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹೌದು ಎನ್ನುತ್ತಿದ್ದ. ಮುಂದಿನ ಸಲ ಬೇರೆ ಯಾರದೋ ಕಡತ ಇರುತ್ತಿತ್ತು.

ನಿಂಬೆಕ್ಕ ಹೇಳಿದ್ದು ಬೇರೆ.

"ನಾಳೆ ಒಂದ ದಿನ ನೀನೂ ಹಂಗ ಇರು. ಯಾರ ಏನ ಕೇಳಿದ್ರೂ ಹೌದು ಅನ್ನು. ಬ್ಯಾರೆ ಮಾತ ಆಡಬ್ಯಾಡ. ಸಂಜೀಕೆ ನನ್ನ ಕಡೆ ಬಾ, ಆಮ್ಯಾಲ ನಿನ್ನ ಆಜ್ಞೆ ನಡಸೂಣು."

"ಇಷ್ಟನ್ರಿ?"

"ಇಷ್ಟ."

ಸಂಗನಬಸುವಿಗೆ ಇದು ಹುಡುಗಾಟ ಅನಿಸಿತು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಗುರುಪಾದ ಸಿಕ್ಕ. ಸಂಗನಬಸು ಅವನ ಜೊತೆ ತರಕಾರಿ ಹೆಚ್ಚುತ್ತಿದ್ದ.

"ಸಾರಿಗೆ ಉಪ್ಪ ಹಾಕೀಯೇನೋ?"

ಹಾಕಿರಲಿಲ್ಲ.

"ಹೌದು," ಎಂದ.

ಹೂದೋಟಕ್ಕೆ ನೀರು ಬಿಡುವವನು ಬಂದ. "ನೀರ ಬಂದ್ ಮಾಡ್ಲೆನು?"

"ಹೌದು."

ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಬಂದ. "ಗಿಡ ಬಾಡಾಕತ್ತಾವ. ಮತ್ತ ಬಿಡ್ಲೆನು?"

"ಹೌದು."

ಮಕ್ಕಳ ಕಿವಿಗೆ ಸುದ್ದಿ ಬಿದ್ದದ್ದೇ ತಡ, ಹಿಂಡುಹಿಂಡಾಗಿ ಬಂದರು.

"ಅಣ್ಣಾ, ಇವತ್ತ ಪಾಠ ಇಲ್ಲ, ಹೌದಲ್ಲ?"

"ಹೌದು."

"ಬೆಲ್ಲದ ಡಬ್ಬಿ ನಾವ ತಗೋಬಹುದು, ಹೌದಲ್ಲ?"

"ಹೌದು."

ಡಬ್ಬಿ ಖಾಲಿಯಾಯಿತು. ಮಧ್ಯಾಹ್ನ ಉಪ್ಪಿಲ್ಲದ ಸಾರನ್ನು ಎಲ್ಲರೂ ಮುಖ ಕಿವುಚಿಕೊಂಡು ಉಂಡರು. ಗುರುಪಾದ ಸೌಟು ಹಿಡಿದುಕೊಂಡೇ ಬಂದ.

"ಲೇ, ನಿನಗೇನ ತಲಿ ಕೆಟ್ಟೈತೇನು?"

"ಹೌದು."

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು, ಗುರುಪಾದನೂ ನಕ್ಕ. ಉಪ್ಪಿನ ಬಟ್ಟಲು ಕೈಯಿಂದ ಕೈಗೆ ಹೋಯಿತು.

ನಿಜ ಹೇಳಬೇಕೆಂದರೆ ಸಂಗನಬಸುವಿಗೆ ಆ ದಿನ ಹಿತವಾಗಿಯೇ ಇತ್ತು. ಯೋಚನೆ ಮಾಡುವ ಕಷ್ಟವಿಲ್ಲ, ಯಾರ ಜೊತೆಗೂ ವಾದವಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಪ್ರಶ್ನೆ ಮುಗಿಯುವ ಮುಂಚೆಯೇ ಬಾಯಿ ಹೌದು ಎನ್ನುತ್ತಿತ್ತು.

ಇಳಿಹೊತ್ತಿಗೆ ಹೊಳೆಯ ಕಡೆ ನಡೆದ.

ನೀಲವ್ವ ಆಗಲೇ ಅಲ್ಲಿದ್ದಳು. ದಿನವೂ ಆ ಹೊತ್ತಿಗೆ ಕೊಡ ತೆಗೆದುಕೊಂಡು ನೀರಿಗೆ ಬರುತ್ತಾಳೆ. ಆ ಮೆಟ್ಟಿಲುಗಳು ಅವಳ ಕಾಲಿಗೆ ಪಾಠವಾಗಿದ್ದವು. ಕೋಲು ಕೂಡ ತರುವುದಿಲ್ಲ.

ಮೇಲಿನಿಂದ ಅಣೆಕಟ್ಟಿನ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ, ಸೆಳವಿನಿಂದ ಹರಿಯುತ್ತಿತ್ತು. ಕೆಳಗಿನ ಚಪ್ಪಡಿಯೊಂದು ಆ ಮಧ್ಯಾಹ್ನವೇ ಕಿತ್ತುಕೊಂಡು ಹೋಗಿತ್ತು. ಅದಿದ್ದ ಜಾಗದಲ್ಲಿ ಈಗ ಆಳವಾದ ನೀರು.

ಸಂಗನಬಸು ಅದನ್ನು ಕಂಡ. ನೀಲವ್ವ ಅದರ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಅವನ ಹೆಜ್ಜೆ ಸಪ್ಪಳ ಕೇಳಿ ತಿರುಗಿದಳು.

"ಸಂಗನಬಸು ಏನ? ಹೊಳಿ ಸಪ್ಪಳ ಜೋರ ಐತಿ. ಮೆಟ್ಟಲ ಮೊದಲಿನಂಗ ಅದಾವಲ್ಲ?"

"ಹೌ..."

ಅರ್ಧ ಮಾತು ಬಾಯಿಂದ ಹೊರಗೆ ಬಂದುಬಿಟ್ಟಿತ್ತು. ಅವಳು ಕಾಲೆತ್ತಿದಳು.

"ಇಲ್ಲ! ನಿಲ್ಲು! ಇಡಬ್ಯಾಡ!"

ಕೂಗುತ್ತಲೇ ಹಾರಿ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಮೆಟ್ಟಿಲ ಮೇಲೆ ದೊಪ್ಪನೆ ಕೂತರು. ಕೊಡ ಉರುಳಿ ನೀರಿಗೆ ಬಿದ್ದು, ಸೆಳವಿನಲ್ಲಿ ತೇಲಿಹೋಯಿತು.

ನೀಲವ್ವ ಆಮೇಲೆ ಕೈ ಚಾಚಿ, ಚಪ್ಪಡಿ ಇರಬೇಕಾದ ಜಾಗದಲ್ಲಿ ತಡವಿದಳು. ಬೆರಳಿಗೆ ನೀರು ತಾಗಿತು.

"ಮೊದಲ ಹೌದು ಅನ್ನಾಕತ್ತಿದ್ದಿ," ಎಂದಳು.

ಸಂಗನಬಸು ಅತ್ತುಬಿಟ್ಟ.

ನಿಂಬೆಕ್ಕ ಆಲದ ಕಟ್ಟೆಯ ಮೇಲೆ ಕೂತಿದ್ದರು. ಅವನು ಬಂದು ನಿಂತ. ನೀಲವ್ವ ಅವನ ಹೆಗಲು ಹಿಡಿದಿದ್ದಳು.

"ಅಕ್ಕಾರ, ನಿಮ್ಮ ಮಾತ ಮುರದೆ."

"ಎಷ್ಟ ಸಲ?"

"ಒಂದ ಸಲ."

"ಯಾಕ?"

ಅವನು ನಡೆದದ್ದನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ನಿಂಬೆಕ್ಕನ ಮುಖದ ಕಳೆ ಇಳಿದುಹೋಯಿತು. ಕಟ್ಟೆಯಿಂದ ಇಳಿದು ನೀಲವ್ವನ ಎರಡೂ ಕೈ ಹಿಡಿದುಕೊಂಡರು.

"ತಪ್ಪ ನಂದು ನೀಲವ್ವ. ಇವನ ಬಾಯಿಗೆ ಹೌದು ಕಟ್ಟಿದಾಕಿ ನಾನು. ಎಲ್ಲಿ ಬಿಚ್ಚಬೇಕು ಅಂತ ಹೇಳಿದ್ದಿಲ್ಲ. ಕ್ಷಮಾ ಮಾಡು."

"ಅಯ್ಯ, ಬಿಡ್ರಿ ಅಕ್ಕಾರ. ಕೊಡ ಒಂದ ಹೋತು ಅಷ್ಟ."

"ನಿನಗ ಕೊಡ. ನನಗ ನೀನ ಹೋಗತಿದ್ದಿ."

ಇಡೀ ಆಶ್ರಮ ಗೌರವ ಕೊಡುವ ಹೆಂಗಸು. ಶಿಷ್ಯನ ಎದುರಿಗೇ ಹೀಗೆ ತಪ್ಪೊಪ್ಪಿಕೊಂಡರು. ಗುರು ಎನ್ನುವ ಪದಕ್ಕೆ ನಾನು ಕಟ್ಟಿಕೊಂಡಿದ್ದ ಅರ್ಥ ಇದನ್ನು ಕೇಳಿದ ಮೇಲೆ ಸ್ವಲ್ಪ ದೊಡ್ಡದಾಯಿತು.

ಸಂಗನಬಸು ಕಣ್ಣೊರೆಸಿಕೊಂಡ.

"ನನ್ನ ಆಜ್ಞೆ ಅಳಿಸಿಬಿಡ್ತೀನ್ರಿ ಅಕ್ಕಾರ. ನೀವು ಮಾಡಿದಂಗ ಒಂದೊಂದ ಕೈಯಾಗ ಮಾಡೂಣು. ನಾನ ಕೂಡತೀನಿ."

"ಯಾಕ ಅಳಸತಿ? ಚೆಂದ ಬರದಿ. ನನ್ನ ಸೊಂಟದ ಸಲುವಾಗಿ ಬರದಿ ಅಂತ ನನಗ ಗೊತ್ತಿಲ್ಲೇನು?"

"ಮತ್ತ ಏನ ಮಾಡ್ಲಿ?"

"ಅದಕ್ಕ ನಿಲ್ಲೂದ ಕಲಸು."

"ಎಲ್ಲೆಲ್ಲಿ ನಿಲ್ಲಬೇಕು ನೀವ ಹೇಳ್ರಿ, ಬರಕೋತೀನಿ."

"ಹೊಳ್ಯಾಗ ಕಲ್ಲ ಹೋಗೈತಿ ಅಂತ ನಾನೇನ ಹೇಳಿ ಕಳಸಿದ್ನೇನು?"

ಅವನು ತಲೆ ಕೆರೆದುಕೊಂಡ.

"ಹೋಗು, ಉಂಡ ಮಲಕೋ," ಎಂದರು ನಿಂಬೆಕ್ಕ.

ಬೆಳಗಾದ ಮೇಲೆ ಸಂಗನಬಸು ಎಲ್ಲವನ್ನೂ ತಿದ್ದಿ ತಂದ. ಹೆದರಿದವನ ಕೆಲಸ ಹೇಗಿರುತ್ತದೋ ಹಾಗೆಯೇ ಇತ್ತು. ಈಗ ಅದು ಪ್ರತಿಯೊಂದು ಪ್ರಶ್ನೆಗೂ ನಿಲ್ಲುತ್ತಿತ್ತು. ಖಾಲಿ ಯಂತ್ರದ ಮೇಲೆ ಓಡಿಸಿದರು. ಇಳಿಸಿಕೊಳ್ಳಲೇ? ನಿಂತಿತು. ಮುಂದುವರಿಯಲೇ? ನಿಂತಿತು. ಜಾಗ ಸಾಕಷ್ಟಿದೆ, ಮುಂದುವರಿಯಲೇ? ಮತ್ತೆ ನಿಂತಿತು.

ನಿಂಬೆಕ್ಕ ಸೊಂಟ ಒತ್ತಿಕೊಂಡು ನಕ್ಕರು.

"ಇದ ನಾನ ಆತಲ್ಲೋ. ನನ್ನನ್ನ ಯಂತ್ರದಾಗ ಹಾಕಿದಿ. ಮತ್ತ ನಾನೂ ಇಲ್ಲೇ ಕೂಡಬೇಕು."

ಅವನೂ ನಗಬೇಕಾಯಿತು.

ಆ ದಿನವೆಲ್ಲ ಹೊಳೆಯ ಮೆಟ್ಟಿಲ ಮೇಲೆ ಕೂತು ಯೋಚಿಸಿದ. ನಿನ್ನೆ ತಾನು ಎಷ್ಟೊಂದು ಹೌದು ಹೇಳಿದ್ದ. ಸಾರು ಕೆಟ್ಟಿತು, ಮೇಲಿನಿಂದ ಉಪ್ಪು ಹಾಕಿಕೊಂಡು ಉಂಡರು. ನೀರು ನಿಂತಿತು, ಮತ್ತೆ ಬಿಟ್ಟರು. ಬೆಲ್ಲ ಖರ್ಚಾಯಿತು, ನಾಳೆ ತಂದರಾಯಿತು. ಇದಕ್ಕೆಲ್ಲ ಹಿಂದಿರುಗುವ ದಾರಿ ಇತ್ತು. ನೀಲವ್ವ ಎತ್ತಿದ ಕಾಲಿಗೆ ಇರಲಿಲ್ಲ.

ಎದ್ದು ಪಡಸಾಲೆಗೆ ಓಡಿದ.

ಮತ್ತೆ ಬರೆಯಲು ಕೂತ. ಯಂತ್ರ ತನ್ನ ಬಗ್ಗೆ ತಾನು ಕೇಳಿಕೊಳ್ಳುವ ಪ್ರಶ್ನೆಗಳಿಗೆಲ್ಲ ಹೌದು ಎನ್ನಲಿ. ಮನುಷ್ಯರು ಕೈಯಾರೆ ಮಾಡಿದ್ದನ್ನು ಅಳಿಸಲೇ ಎಂದು ಕೇಳಿದರೆ ಮಾತ್ರ ಉತ್ತರ ಕೊಡದೆ ನಿಲ್ಲಲಿ. ನಿಂತು, ಆ ಕೈ ಯಾರದೋ ಅವರನ್ನು ಕರೆಯಲಿ. ಅವರು ಬರುವವರೆಗೂ ಹಳೆಯದನ್ನು ಮುಟ್ಟದಿರಲಿ.

ಮರುದಿನ ಬೆಳಿಗ್ಗೆ ಬರೆದದ್ದನ್ನು ನಿಂಬೆಕ್ಕನಿಗೆ ತೋರಿಸಿದ. ಅವರು ಓದಿದರು. ಎಲ್ಲೂ ಹಿಂದೆ ಹೋಗಲಿಲ್ಲ.

"ಇದರಾಗ ಯಾರ ಹೆಸರೂ ಇಲ್ಲಲ್ಲೋ? ಇಂಥವರ ಕಡತ ಅಂತ?"

"ಯಾರ ಏನ ಮಾಡ್ಯಾರ ನನಗ ಗೊತ್ತಿಲ್ರಿ ಅಕ್ಕಾರ. ಅದಕ್ಕ ಎಲ್ಲಾರದೂ ಕಾಯ್ಲಿ ಅಂತ ಬರದೀನಿ."

ಅವರು ಪರದೆಯಿಂದ ಕಣ್ಣೆತ್ತಿ ಅವನನ್ನು ನೋಡಿದರು.

"ನಡಸು," ಎಂದರು.

ಅವನು ಒಂದು ಸಾಲು ಬರೆದು ಎಂಟರ್ ಒತ್ತಿದ.

ಪಡಸಾಲೆಯ ಯಂತ್ರಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಬಿದ್ದವು. ಓದುವವರು ಗೋಡೆಗೆ ಒರಗಿ ಕೂತು ಕಾದರು. ನಿಂಬೆಕ್ಕ ಚಹಾ ಕುಡಿದರು. ಏರಿಸುವ ದಿನ ಅವರು ಬಿಸಿ ಚಹಾ ಕುಡಿದದ್ದು ಅದೇ ಮೊದಲು.

ಯಂತ್ರಗಳು ಒಂದೊಂದಾಗಿ ಆರಿ ಹೊತ್ತಿಕೊಂಡವು. ಹೊತ್ತಿದ್ದು "ನಾನು ಸಿದ್ಧ" ಎಂದು ಗಟ್ಟಿಯಾಗಿ ಹೇಳುತ್ತಿತ್ತು. ಇಲ್ಲೊಂದು, ಅಲ್ಲೊಂದು, ಆ ತುದಿಯಲ್ಲೊಂದು. ಪಡಸಾಲೆಯ ತುಂಬ ದನಿ. ಮಕ್ಕಳು ಚಪ್ಪಾಳೆ ತಟ್ಟಿದರು. ಸಂಗನಬಸುವಿನ ಮುಖ ನೋಡಬೇಕಿತ್ತು.

ಕಿಟಕಿ ಬದಿಯ ಯಂತ್ರ ಮಾತಾಡಲಿಲ್ಲ.

"ನಂದ್ಯಾಕ ಸುಮ್ಮಕೈತಿ?" ಎಂದು ನೀಲವ್ವ ಕೇಳಿದಳು.

ಸಂಗನಬಸು ಓಡಿಹೋಗಿ ನೋಡಿದ. ಕಪ್ಪು ಪರದೆಯ ಮೇಲೆ ಎರಡು ಸಾಲು ನಿಂತಿತ್ತು. ಗಟ್ಟಿಯಾಗಿ ಓದಿದ.

"ಉಚ್ಚಾರದ ಕಡತವನ್ನು ಯಾರೋ ಕೈಯಾರೆ ತಿದ್ದಿದ್ದಾರೆ. ಅಳಿಸಿ ಹೊಸದನ್ನು ಹಾಕಲೇ? ತಿದ್ದಿದವರನ್ನು ಕರೆಯಿರಿ."

ನೀಲವ್ವ ಎದ್ದು ನಿಂತಳು.

"ಅದರಾಗ ನಾ ತಿದ್ದಿದ ಮಾತ ಅದಾವ. ಮಕ್ಕಳ ಓದೋ ಮಾತ. ಅಷ್ಟೂ ಅದರಾಗ ಐತಿ."

"ಎಲ್ಲಾನೂ?"

"ಎಲ್ಲಾನೂ. ಹೋತೇನು?"

"ಇಲ್ಲ ನೀಲವ್ವ. ಮುಟ್ಟಿಲ್ಲ. ಕೇಳಾಕತ್ತೈತಿ."

ಅವನು ಅವಳ ಬೆರಳನ್ನು ಕೀಲಿಮಣೆಯ ಮೇಲಿಟ್ಟ. ಅವಳು "ಅಲ್ಲ" ಎಂದು ಒತ್ತಿದಳು. ಯಂತ್ರ ಉಳಿದ ಕೆಲಸ ಮುಗಿಸಿ, ಆರಿ, ಹೊತ್ತಿ, "ನಾನು ಸಿದ್ಧ" ಎಂದಿತು. ನೀಲವ್ವ ಒಂದು ಪುಟ ತೆರೆದಳು. ಅದೇ ದನಿ ಓದತೊಡಗಿತು, ಎಳೆಯಬೇಕಾದಲ್ಲಿ ಎಳೆದು, ನಿಲ್ಲಬೇಕಾದಲ್ಲಿ ನಿಂತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಮಕ್ಕಳು ಅವಳ ಸುತ್ತ ಬಂದು ಕೂತರು.

ಸಂಗನಬಸು ಬಾಗಿಲ ಬಳಿ ನಿಂತಿದ್ದ ನಿಂಬೆಕ್ಕನ ಹತ್ತಿರ ಬಂದ.

"ನಿಮಗ ಮೊದಲ ಗೊತ್ತಿತ್ತೇನ್ರಿ ಅಕ್ಕಾರ?"

"ಗೊತ್ತಿತ್ತು."

"ನಾನು ಮೊದಲ ಬರದದ್ದ ಆಗಿದ್ರ ಹೌದು ಅಂದಬಿಡತಿತ್ತು."

"ಅಂತಿತ್ತು."

"ಎಲ್ಲಾ ಯಂತ್ರ ಏರಸು ಅಂತ ಆಜ್ಞೆ ಕೊಟ್ಟಿದ್ದೆ. ಒಂದರಾಗ ನನ್ನ ಮಾತ ನಡಸದ ನಿಂತಬಿಡ್ತರಿ."

ನಿಂಬೆಕ್ಕ ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಮಾತ ಮುರಿಯೋ ಶಿಷ್ಯ ನನಗ ಮೊನ್ನೆ ಸಿಕ್ಕ. ನಿನಗ ಇವತ್ತ ಸಿಕ್ಕಾನ ನೋಡು."